ಎರಡನೆಯ ಬಾಗಿಲು

19 ಅಕ್ಟೋಬರ್ 2024, ಶನಿವಾರ. ಬೀಜಿಂಗ್

ಎಂಟು ಗಂಟೆ ನಿದ್ದೆ ಮಾಡಿದ್ದೇನೆ. ನಿಜವೇ ಎಂದು ಎರಡು ಸಲ ಗಡಿಯಾರ ನೋಡಿದೆ. ಮದುವೆಯಾಗಿ ಮೂವತ್ತಾರು ವರ್ಷ. ಹಾಲಿನವನು ಬರುವ ಮೊದಲು, ಮಾವನವರ ಕಷಾಯದ ಹೊತ್ತು ಮೀರುವ ಮೊದಲು, ಶಾಲೆಯ ಬಸ್ಸು ಹೊರಡುವ ಮೊದಲು ಎದ್ದೇ ಪಳಗಿದ ಮೈ ಇದು. ಇಲ್ಲಿ ಇಪ್ಪತ್ತೇಳನೆಯ ಮಹಡಿಯಲ್ಲಿ ದಪ್ಪ ಪರದೆ ಎಳೆದು ಮಲಗಿದವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ.

ಇವರು ಆಗಲೇ ಸಮ್ಮೇಳನಕ್ಕೆ ಹೋಗಿಯಾಗಿತ್ತು. ಮೇಜಿನ ಮೇಲೆ ಚೀಟಿ: "ತಿಂಡಿ ಹತ್ತೂವರೆವರೆಗೆ ಇರುತ್ತೆ. ಕಾರ್ಡು ಒಳಗೇ ಬಿಟ್ಟು ಬಾಗಿಲು ಹಾಕ್ಕೋಬೇಡ."

ತಿಂಡಿಯ ಹಾಲ್ ನಮ್ಮೂರಿನ ಮದುವೆ ಛತ್ರದಷ್ಟು ದೊಡ್ಡದು. ಮಗಳು ಬರೆದುಕೊಟ್ಟಿದ್ದ ಮೂರು ಪದ, 'ವೊ ಚಿ ಸು', ನಾನು ಸಸ್ಯಾಹಾರಿ, ಮೊದಲ ಸಲಕ್ಕೇ ಕೆಲಸ ಮಾಡಿತು. ಬಿಳಿ ಟೋಪಿಯ ಹುಡುಗ ಗಂಜಿ, ಸೋಯಾ ಹಾಲು, ಉದ್ದನೆಯ ಕರಿದ ಹಿಟ್ಟಿನ ಕಡ್ಡಿ ತಾನೇ ತಂದಿಟ್ಟ. ಬಡಿಸಿದ್ದನ್ನು ಕೂತು ತಿಂದೆ. ತಟ್ಟೆ ಎತ್ತಲು ಕೈ ಮುಂದಾಯಿತು, ಅವನು ತಡೆದ.

ಕೋಣೆಗೆ ನೀರು ಬೇಕೆಂದು ಫೋನ್ ಮಾಡಿದರೆ ಸೊಂಟದೆತ್ತರದ ಯಂತ್ರವೊಂದು ಒಬ್ಬಂಟಿಯಾಗಿ ಲಿಫ್ಟಿನಲ್ಲಿ ಬಂದು ಬಾಗಿಲ ಮುಂದೆ ನಿಂತಿತು. ಅದರ ಹೊಟ್ಟೆ ತೆರೆದರೆ ಎರಡು ಬಾಟಲಿ. ಬಚ್ಚಲಲ್ಲಿ ಬಿಸಿನೀರು ಮುಗಿಯುವುದೇ ಇಲ್ಲ. ಇಲ್ಲಿ ಯಾರಿಗೂ ನನ್ನ ಗುರುತಿಲ್ಲ. ಅದು ಬೇಸರವಲ್ಲ, ಹಗುರ. ಅರವತ್ತೆರಡನೆಯ ವಯಸ್ಸಿನಲ್ಲಿ ಇದನ್ನು ಬರೆದಿಡಬೇಕು ಅನ್ನಿಸಿತು.

ಒಂದೇ ಕೊರತೆ: ಕಿಟಕಿ ತೆರೆಯುವುದಿಲ್ಲ. ಎದುರಿಗೆ 528 ಮೀಟರ್ ಎತ್ತರದ ಸಿಟಿಕ್ ಟವರ್, ಕೆಳಗೆ ಮೂರನೆಯ ವರ್ತುಲ ರಸ್ತೆಯ ವಾಹನಗಳ ಸಾಲು. ಒಂದು ಸದ್ದೂ ಒಳಗೆ ಬರುವುದಿಲ್ಲ.

20 ಅಕ್ಟೋಬರ್, ಭಾನುವಾರ

ಒಬ್ಬಳೇ ಮೆಟ್ರೊ ಹತ್ತಿ ಚೀನೀ ಸಾಹಿತಿ ಲಾವೊ ಶೆ ಅವರ ಮನೆ ನೋಡಿ ಬಂದೆ. ಫೆಂಗ್‌ಫು ಎಂಬ ಗಲ್ಲಿ, 19ನೇ ನಂಬರು. ಇಲ್ಲಿ ಗಲ್ಲಿಗೆ ಹುಟಾಂಗ್ ಅನ್ನುತ್ತಾರೆ. ಬೂದು ಇಟ್ಟಿಗೆ, ಬೂದು ಹಂಚು, ಸಣ್ಣ ಬಾಗಿಲು. ಒಳಗೆ ಅಂಗಳ, ಅಂಗಳದಲ್ಲಿ ಎರಡು ಪರ್ಸಿಮನ್ ಮರ. ಅವರೂ ಹೆಂಡತಿಯೂ ಸೇರಿ ನೆಟ್ಟ ಮರಗಳಂತೆ. ಎಲೆ ಉದುರತೊಡಗಿ ಹಣ್ಣು ಮಾತ್ರ ಕೇಸರಿ ದೀಪಗಳ ಹಾಗೆ ನಿಂತಿದ್ದವು. 1950ರಿಂದ ಇಲ್ಲೇ ಇದ್ದರು. 1957ರಲ್ಲಿ 'ಟೀ ಹೌಸ್' ನಾಟಕ ಬರೆದರು. 1966ರ ಆಗಸ್ಟಿನಲ್ಲಿ ಕೆಂಪು ರಕ್ಷಕ ಹುಡುಗರು ಹೊಡೆದು ಅವಮಾನಿಸಿದ ಮರುದಿನ ಈ ಬಾಗಿಲಿನಿಂದಲೇ ಹೊರಗೆ ಹೋದವರು ಕೆರೆಯಲ್ಲಿ ಹೆಣವಾಗಿ ಸಿಕ್ಕಿದರು. ಹಣ್ಣಿನ ಕೆಳಗೆ ನಿಂತು ಅದನ್ನು ಓದುವುದು ಕಷ್ಟವಾಯಿತು.

ಕುಪ್ಪಳಿಯ ಕವಿಮನೆಯ ತೊಟ್ಟಿಯಲ್ಲಿ ನಿಂತಾಗ ಆಗುವುದು ಇಲ್ಲೂ ಆಯಿತು: ಕತ್ತು ತಾನಾಗಿ ಮೇಲಕ್ಕೆ ಹೋಗುವುದು. ನಾಲ್ಕೂ ಕಡೆ ಮಾಡು, ನಡುವೆ ಆಕಾಶ. ನಮ್ಮ ಮನೆಯೂ ತೊಟ್ಟಿಮನೆ. ಇತ್ತು, ಅನ್ನಬೇಕು.

ಸಂಜೆ ಇವರಿಗೆ ಹೇಳಿದೆ. "ಮಂಗಳವಾರದಿಂದ ನಮ್ಮ ಖರ್ಚು ತಾನೇ? ಅಂಥದ್ದೊಂದು ಅಂಗಳದ ಹೋಟೆಲಿಗೆ ಹೋಗೋಣ್ವಾ?"

"ಮಾರಾಯ್ತಿ, ಇಲ್ಲಿ ಏನು ಕಮ್ಮಿಯಾಗಿದೆ ನಿಂಗೆ?"

ಕಮ್ಮಿ ಏನೂ ಇಲ್ಲ. ಅದೇ ತೊಡಕು.

21 ಅಕ್ಟೋಬರ್, ಸೋಮವಾರ

ಇಡೀ ದಿನ ಇದೇ. ಈ ಹೋಟೆಲಿನವರು ನಾಲ್ಕು ರಾತ್ರಿಗೆ ದರ ಇಳಿಸಿ 1,150 ಯುವಾನ್ ಎಂದರು. ಅಂಗಳದ್ದು 780. ದುಡ್ಡಿನ ಲೆಕ್ಕದಿಂದ ತೀರ್ಮಾನವಾಗುವ ಸಂಗತಿಯಾಗಿದ್ದರೆ ಆಗಲೇ ಮುಗಿಯುತ್ತಿತ್ತು. ನೋಡಿಯೇ ಬರೋಣವೆಂದು ಮಧ್ಯಾಹ್ನ ಹೋದೆ.

ನಾನ್‌ಲುವೊಗುಶಿಯಾಂಗ್ ಎಂಬ ಬೀದಿ, ತೆಂಕುಬಡಗು ನೇರ ಗೆರೆ. ಅದರಿಂದ ಪೂರ್ವಕ್ಕೆ ಎಂಟು, ಪಶ್ಚಿಮಕ್ಕೆ ಎಂಟು ಹುಟಾಂಗ್, ಜರಿಹುಳುವಿನ ಕಾಲುಗಳ ಹಾಗೆ. ಕುಬ್ಲಾಯ್ ಖಾನ್ 1267ರಲ್ಲಿ ಕಟ್ಟಿಸತೊಡಗಿದ ರಾಜಧಾನಿಯ ನಕ್ಷೆ ಇವತ್ತಿಗೂ ಕಾಲಡಿಯಲ್ಲಿ ಹಾಗೇ ಇದೆ. ದೊಡ್ಡ ಬೀದಿಯಲ್ಲಿ ತಿಂಡಿ ಅಂಗಡಿಗಳ ನೂಕುನುಗ್ಗಲು. ಅಡ್ಡ ಹುಟಾಂಗಿಗೆ ಹತ್ತು ಹೆಜ್ಜೆ ತಿರುಗಿದರೆ ಸದ್ದು ನಿಂತೇಹೋಗುತ್ತದೆ.

ಇಲ್ಲಿನ ಅಂಗಳದ ಮನೆಗೆ ಸಿಹೆಯುವಾನ್ ಎಂದು ಹೆಸರು, ನಾಲ್ಕು ಕಡೆಯಿಂದ ಕೂಡಿದ ಅಂಗಳ ಎಂದು ಅರ್ಥ. ಬಡಗಣ ಸಾಲು ತೆಂಕಕ್ಕೆ ಮುಖಮಾಡಿ ಮನೆಯ ಹಿರಿಯರಿಗೆ. ಪೂರ್ವದ್ದು ಹಿರಿಮಗನಿಗೆ, ಪಶ್ಚಿಮದ್ದು ಕಿರಿಯನಿಗೆ. ತೆಂಕಣ ಸಾಲು ಆಳುಕಾಳು ಮತ್ತು ಬಂದುಹೋಗುವವರದ್ದು. ಹೆಬ್ಬಾಗಿಲು ನಡುವೆ ಇರುವುದಿಲ್ಲ, ಆಗ್ನೇಯದ ಮೂಲೆಯಲ್ಲಿರುತ್ತದೆ. ಒಳಗೆ ಕಾಲಿಟ್ಟರೆ ಎದುರಿಗೊಂದು ಅಡ್ಡಗೋಡೆ. ಬೀದಿಯ ಕಣ್ಣೂ ಕೆಟ್ಟ ಗಾಳಿಯೂ ಅಲ್ಲಿಗೇ ನಿಲ್ಲಲಿ ಎಂದು.

ಹೊಸ್ತಿಲು ಮೊಣಕಾಲಿಗೆ ಸ್ವಲ್ಪ ಕೆಳಗಿನಷ್ಟು ಎತ್ತರ. ನಾನು ತುಳಿಯದೆ ದಾಟಿದೆ. ಕೌಂಟರಿನ ಹುಡುಗಿ ಅದನ್ನು ಗಮನಿಸಿ ನಕ್ಕಳು. ಹೊಸ್ತಿಲು ತುಳಿಯಬಾರದೆಂದು ಅವಳಜ್ಜಿಯೂ ಗದರುತ್ತಿದ್ದಳಂತೆ. ಫೋನಿನ ಅನುವಾದದಲ್ಲಿ ನಮ್ಮಿಬ್ಬರ ಮೊದಲ ಮಾತು ಅದು.

ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳ ಕಣ್ಣು ಅಂಗಳದ ಅಳತೆಯ ಮೇಲೆ ಹೋಯಿತು. ಎಷ್ಟು ಅಗಲ! ನಮ್ಮ ತೊಟ್ಟಿ ಇದರ ಕಾಲು ಭಾಗವೂ ಇರಲಿಲ್ಲ. ನಮ್ಮದು ಆಗುಂಬೆ ಸೀಮೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಹೊಯ್ಯುವ ಮಳೆ. ಆಕಾಶಕ್ಕೆ ಹೆಚ್ಚು ಜಾಗ ಬಿಟ್ಟರೆ ಮನೆಯೇ ತೊಪ್ಪೆ. ಹಾಗಾಗಿ ನಾಲ್ಕು ಮಾಡೂ ಒಂದಕ್ಕೊಂದು ತಾಗಿ ನಡುವೆ ಕಿರಿದಾದ ಆಳದ ತೊಟ್ಟಿ. ಇಲ್ಲಿ ಮಳೆ 600 ಮಿಲಿಮೀಟರ್ ಆಸುಪಾಸು. ಇಲ್ಲಿನವರಿಗೆ ಬೇಕಾದದ್ದು ಬಿಸಿಲು. 40 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ 27 ಡಿಗ್ರಿ ಕೂಡ ಮೇಲೇರುವುದಿಲ್ಲ. ತೀರ್ಥಹಳ್ಳಿಯಲ್ಲಿ ಅದೇ ದಿನ 53. ಆ ಓರೆ ಬಿಸಿಲು ಬಡಗಣ ಕೋಣೆಯ ಒಳಗಿನವರೆಗೂ ಹಾಯಬೇಕಾದರೆ ಅಂಗಳ ಹರಡಿಕೊಳ್ಳಲೇಬೇಕು. ಅದಕ್ಕೇ ಇಲ್ಲಿ ಸಾಲುಗಳು ಮಾಡು ತಾಗಿಸಿಕೊಳ್ಳದೆ ಬಿಡಿಬಿಡಿಯಾಗಿ ನಿಂತಿವೆ. ಮಳೆ ಹೆಚ್ಚಿರುವ ದಕ್ಷಿಣ ಚೀನಾಕ್ಕೆ ಇಳಿದರೆ ಅಂಗಳ ಮತ್ತೆ ಕಿರಿದಾಗುತ್ತದೆ. ಅಲ್ಲಿ ಅದಕ್ಕೆ 'ಆಕಾಶದ ಬಾವಿ' ಎಂಬ ಹೆಸರು. ನಮ್ಮ ತೊಟ್ಟಿಯ ಖಾಸಾ ನೆಂಟರು ಅಲ್ಲಿದ್ದಾರೆ.

ಇನ್ನು ಅನನುಕೂಲಗಳು. ನಮಗೆ ಸಿಗುವುದು ಪೂರ್ವದ ಸಾಲಿನ ಕೋಣೆ. ಹಾಸಿಗೆ ಹಲಗೆಯಷ್ಟು ಗಟ್ಟಿ. ಬಚ್ಚಲಲ್ಲಿ ಮೋರಿಯ ವಾಸನೆ. ನಗರದ ಒಲೆ ಹೊತ್ತುವುದು, ಅಂದರೆ ಸಾರ್ವಜನಿಕ ಬಿಸಿನೀರ ಕೊಳವೆಗಳು ಶುರುವಾಗುವುದು ನವೆಂಬರ್ 15ಕ್ಕೆ. ಅಲ್ಲಿಯವರೆಗೆ ಏಸಿಯ ಬಿಸಿಗಾಳಿ ಮತ್ತು ಕರೆಂಟಿನ ಕಂಬಳಿ. ರಾತ್ರಿಯ ಚಳಿ ಆಗಲೇ 5 ಡಿಗ್ರಿಗೆ ಇಳಿಯುತ್ತಿದೆ. ಇವರ ಬಲ ಮೊಣಕಾಲಿಗೆ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಮೂರು ಮೆಟ್ಟಿಲು, ಎರಡು ಹೊಸ್ತಿಲು.

ಮಗಳು ಫೋನಿನಲ್ಲಿ, "ಅಮ್ಮ, ಅಪ್ಪನ ಕಾಲು ನೋಡ್ಕೊಂಡು ಡಿಸೈಡ್ ಮಾಡು. ಫೋಟೊ ತೆಗೆಯೋಕೆ ಹಗಲಲ್ಲಿ ಹೋಗಿ ಬಂದ್ರೆ ಸಾಕಲ್ವಾ?" ಎಂದಳು. ಅವಳು ತಪ್ಪು ಹೇಳಲಿಲ್ಲ.

ರಾತ್ರಿ ಇವರೇ ಮಾತು ತೆಗೆದರು. "ನಾನು ಎಲ್ಲಿ ಮಲಗಿದ್ರೂ ಗೊರಕೆ ಹೊಡೀತೀನಿ. ನಿಂಗೆ ಎಲ್ಲಿ ಎಚ್ಚರವಾಗಿರ್ಬೇಕು ಅನ್ಸುತ್ತೋ ಅಲ್ಲಿಗೆ ಹೋಗೋಣ."

ಈ ಮನುಷ್ಯ ಇಂಥ ಮಾತನ್ನು ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ.

22 ಅಕ್ಟೋಬರ್, ಮಂಗಳವಾರ

ಬಂದೆವು. ಟ್ಯಾಕ್ಸಿ ಹುಟಾಂಗಿನ ಬಾಯಲ್ಲೇ ನಿಂತಿತು. ಪೆಟ್ಟಿಗೆ ಎಳೆದುಕೊಂಡು ನಡೆದೆವು. ಇವರು ಹೊಸ್ತಿಲನ್ನು ಕಂಬ ಹಿಡಿದು ದಾಟಿದರು. ಚಳಿ. ಬರೆಯಲು ಬೆರಳು ಬಗ್ಗುತ್ತಿಲ್ಲ.

23 ಅಕ್ಟೋಬರ್, ಬುಧವಾರ

ಬೆಳಿಗ್ಗೆ ಆಕಾಶದಲ್ಲಿ ಕೊಳಲಿನಂಥ ಸದ್ದು. ಓಡಿ ಅಂಗಳಕ್ಕೆ ಬಂದೆ. ಪಾರಿವಾಳಗಳ ಹಿಂಡು ಸುತ್ತು ಹೊಡೆಯುತ್ತಿತ್ತು. ಬಾಲದ ಬುಡಕ್ಕೆ ಬಿದಿರು, ಸೋರೆಬುರುಡೆಯಿಂದ ಮಾಡಿದ ಪುಟ್ಟ ಸೀಟಿ ಕಟ್ಟಿ ಹಾರಿಸುತ್ತಾರೆ. ಹಕ್ಕಿ ತಿರುಗಿದ ಹಾಗೆ ಸ್ವರವೂ ತಿರುಗುತ್ತದೆ. ಇಪ್ಪತ್ತೇಳನೆಯ ಮಹಡಿಯ ಗಾಜಿನ ಹಿಂದೆ ಇದು ಕೇಳಿಸುತ್ತಿರಲಿಲ್ಲ. ಇಷ್ಟಕ್ಕೇ ಬಂದದ್ದು ಸಾರ್ಥಕ ಎಂದುಕೊಂಡೆ. ಆಮೇಲೆ ನಡೆದದ್ದಕ್ಕೆ ಸಿದ್ಧಳಿರಲಿಲ್ಲ.

ಇವತ್ತು ಚೀನೀಯರ ಪಂಚಾಂಗದಲ್ಲಿ 'ಇಬ್ಬನಿ ಹೆಪ್ಪುಗಟ್ಟುವ ದಿನ', ಶುವಾಂಗ್‌ಜಿಯಾಂಗ್. ವರ್ಷದ 24 ಸೌರಭಾಗಗಳಲ್ಲಿ ಒಂದು. ಪರ್ಸಿಮನ್ ತಿನ್ನಬೇಕಂತೆ. ಕೌಂಟರಿನ ಹುಡುಗಿ ಎರಡು ಹಣ್ಣು ತಂದುಕೊಟ್ಟಳು. ಶಾನ್‌ಶಿ ಪ್ರಾಂತ್ಯದವಳು. ಊರಾಚೆ ನಾಲ್ವರು ಸೇರಿ ಹಿಡಿದ ಕೋಣೆಯಿಂದ ದಿನಾ ಒಂದೂಕಾಲು ಗಂಟೆ ಮೆಟ್ರೊದಲ್ಲಿ ಬರುತ್ತಾಳೆ. ಹೊರ ಅಂಗಳಕ್ಕೂ ಒಳ ಅಂಗಳಕ್ಕೂ ನಡುವಿನ ಬಾಗಿಲನ್ನು ತೋರಿಸಿ ಇದೇನೆಂದು ಕೇಳಿದೆ. ಮನೆಗೆಲ್ಲ ಅಲಂಕಾರ ಸುರಿದದ್ದು ಅಲ್ಲೇ: ಹಸಿರು ನೀಲಿ ಬಣ್ಣದ ತೊಲೆ, ನೆಲ ಮುಟ್ಟದೆ ಗಾಳಿಯಲ್ಲೇ ನಿಲ್ಲುವ ಎರಡು ಗಿಡ್ಡ ಕಂಬ, ಅವುಗಳ ತುದಿಗೆ ತಾವರೆ ಮೊಗ್ಗು. ಚುಯ್‌ಹುವಾಮೆನ್, ತೂಗುಹೂವಿನ ಬಾಗಿಲು ಎಂದಳು. ಎರಡನೆಯ ಬಾಗಿಲು ಅಂತಲೂ ಅನ್ನುತ್ತಾರೆ. ಸ್ವಲ್ಪ ತಡೆದು ಫೋನಿಗೆ ಇನ್ನೇನೋ ಹೇಳಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು: ಹಿಂದೆ ಒಳ್ಳೆಯ ಮನೆಯ ಹೆಣ್ಣು ಎಂದರೆ ಹೆಬ್ಬಾಗಿಲಿನಿಂದ ಹೊರಗೆ ಹೋಗದವಳು, ಎರಡನೆಯ ಬಾಗಿಲನ್ನು ದಾಟದವಳು.

ಹಣ್ಣು ಕೈಯಲ್ಲೇ ಉಳಿಯಿತು.

ನಮ್ಮ ಸೋದರತ್ತೆ. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಐವತ್ತೊಂಬತ್ತು ವರ್ಷ ನಮ್ಮ ಮನೆಯಲ್ಲಿ ಬಾಳಿದಳು. ಜಗಲಿ ಗಂಡಸರದ್ದು. ಅಲ್ಲಿ ಯಾರಾದರೂ ಕೂತಿದ್ದರೆ, ಯಾರಾದರೂ ಕೂತೇ ಇರುತ್ತಿದ್ದರು, ಅವಳು ಹೆಬ್ಬಾಗಿಲಿಗೆ ಬರುತ್ತಿರಲಿಲ್ಲ. ತೋಟಕ್ಕೋ ಹಳ್ಳಕ್ಕೋ ಹೋಗುವುದಾದರೆ ಹಿತ್ತಿಲ ಬಾಗಿಲು. ಅವಳ ಲೋಕವೆಂದರೆ ಅಡುಗೆಮನೆ, ಬಚ್ಚಲು, ತೊಟ್ಟಿ. ಗಡಿಯಾರ ಜಗಲಿಯಲ್ಲಿತ್ತು. ಅವಳು ಹೊತ್ತು ಹೇಳುತ್ತಿದ್ದದ್ದು ತೊಟ್ಟಿಯ ಬಿಸಿಲಿನಿಂದ. "ಬಿಸಿಲು ಮೂರನೇ ಕಂಬಕ್ಕೆ ಬಂತು, ಹುಡುಗ್ರು ಶಾಲೆಯಿಂದ ಬರೋ ಹೊತ್ತು" ಅನ್ನುತ್ತಿದ್ದಳು. ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಇರುತ್ತಿರಲಿಲ್ಲ. ಆಗ ಅವಳು ಹೊತ್ತು ಹೇಗೆ ಲೆಕ್ಕ ಹಾಕುತ್ತಿದ್ದಳೋ, ನಾನು ಒಂದು ದಿನವೂ ಕೇಳಲಿಲ್ಲ.

ಆ ತೊಟ್ಟಿಯನ್ನು ನಾನು ಪ್ರಾಣದಷ್ಟು ಹಚ್ಚಿಕೊಂಡಿದ್ದೆ. ಮಾಡಿನ ನೀರು ನಾಲ್ಕು ಕಡೆಯಿಂದ ಧಾರೆಕಟ್ಟಿ ಇಳಿಯುವಾಗ ಅತ್ತೆಯ ಮಡಿಲಲ್ಲಿ ಕೂತು ಹಲಸಿನ ಹಪ್ಪಳ ತಿಂದದ್ದು ನನ್ನ ಅತ್ಯಂತ ಸುಖದ ನೆನಪು. ನಾನು ಎದ್ದು ಓಡಬಹುದಿತ್ತು, ಓಡಿದೆ: ತೀರ್ಥಹಳ್ಳಿ ಶಾಲೆಗೆ, ಶಿವಮೊಗ್ಗ ಕಾಲೇಜಿಗೆ, ಮೈಸೂರಿಗೆ. ಅವಳು ಅಲ್ಲೇ ಕೂತಿದ್ದಳು. ಒಂದೇ ತೊಟ್ಟಿ, ನನಗೆ ಆಕಾಶ, ಅವಳಿಗೆ ಬಾವಿ.

ಹೋಟೆಲಿನ ಕೋಣೆಯಲ್ಲಿ ಶನಿವಾರ ನನಗಾದ ಹಗುರ ಎಂಥದ್ದೆಂದು ಈಗ ತಿಳಿಯುತ್ತಿದೆ. ಅಲ್ಲಿ ಜಗಲಿಯಲ್ಲಿ ಯಾರೂ ಕೂತಿರಲಿಲ್ಲ. ಲಿಫ್ಟು, ಕಾರ್ಡು, ಹೋಗುವೆಯಾ ಹೋಗು, ಬರುವೆಯಾ ಬಾ. ಅತ್ತೆಯನ್ನು ಒಂದು ರಾತ್ರಿ ಅಲ್ಲಿ ಮಲಗಿಸಬೇಕಿತ್ತು. ಪರದೆ ಎಳೆದು ಎಂಟು ಗಂಟೆ.

24 ಅಕ್ಟೋಬರ್, ಗುರುವಾರ

ನಿನ್ನೆಯ ಭಾರ ಇಳಿದಿಲ್ಲ. ಆದರೂ ಇಲ್ಲಿಗೆ ಬಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ಇವರ ಕಾಲಿಗೂ ಏನೂ ಆಗಿಲ್ಲ. ಅಂಗಳದ ಬಿಸಿಲಿಗೆ ಕುರ್ಚಿ ಹಾಕಿ ಮೊಣಕಾಲು ಕಾಯಿಸಿಕೊಳ್ಳುತ್ತಿದ್ದಾರೆ, ಬಿಸಿಲು ಸರಿದ ಹಾಗೆ ಕುರ್ಚಿ ಸರಿಸುತ್ತ. ಬಚ್ಚಲಿನ ವಾಸನೆ ಮಾತ್ರ ಹಾಗೇ ಇದೆ. ರಾತ್ರಿ ಮೋರಿಯ ಬಾಯಿಗೆ ಒದ್ದೆ ಟವಲು ಮುಚ್ಚುತ್ತೇನೆ.

ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಗೋಡೆಗೆ ಕರೆಂಟಿನ ಮೀಟರುಗಳ ಸಾಲು. ಎಣಿಸಿದೆ, ಹದಿಮೂರು. ಒಂದೇ ಅಂಗಳದಲ್ಲಿ ಹದಿಮೂರು ಸಂಸಾರ. ಇಣುಕಿದರೆ ಅಂಗಳವೇ ಇಲ್ಲ. ಒಬ್ಬರು ನಡೆಯುವಷ್ಟು ಓಣಿ, ಎರಡೂ ಕಡೆ ಇಟ್ಟಿಗೆ, ತಗಡಿನ ಅಡುಗೆ ಗೂಡುಗಳು. 1949ರ ಬಳಿಕ ಒಂದೊಂದು ಮನೆಗೆ ಹಲವು ಕುಟುಂಬ ಸೇರಿದವು. 1976ರ ಜುಲೈನಲ್ಲಿ ಟಾಂಗ್‌ಶಾನ್ ಭೂಕಂಪವಾದಾಗ ಒಳಗೆ ಮಲಗಲು ಹೆದರಿದ ಜನ ಅಂಗಳದಲ್ಲೇ ಗುಡಿಸಲು ಹಾಕಿಕೊಂಡರು. ಎಷ್ಟೋ ಗುಡಿಸಲುಗಳು ಆಮೇಲೆ ಅಲ್ಲಿಂದ ಕದಲಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಒಬ್ಬ ಮುದುಕಿ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಹುಟಾಂಗಿನ ಸಾರ್ವಜನಿಕ ಶೌಚಾಲಯಕ್ಕೆ ಹೋಗುತ್ತಿದ್ದರು. ಜಡಿಮಳೆಯ ರಾತ್ರಿ ಕಂಬಳಿಕೊಪ್ಪೆ ಹೊದ್ದು ಟಾರ್ಚ್ ಹಿಡಿದು ತೋಟದ ಅಂಚಿಗೆ ಹೋಗುತ್ತಿದ್ದ ಅಮ್ಮ ಕಣ್ಣಿಗೆ ಬಂದಳು. ಆ ಮುದುಕಿಗೆ ಹೋಗಿ, ನಿಮ್ಮ ಹಳೆಯ ಮನೆ ಎಷ್ಟು ಚಂದ ಎಂದು ಹೇಳುವ ಧೈರ್ಯ ನನಗಿಲ್ಲ. ನಾವಿರುವ ಈ ಹೋಟೆಲಿನಲ್ಲೂ ಒಂದು ಕಾಲಕ್ಕೆ ಎಷ್ಟೋ ಸಂಸಾರ ಇದ್ದಿರಬೇಕು. ಈಗ ಹನ್ನೊಂದು ಕೋಣೆ, ಒಂದು ದಾಳಿಂಬೆ ಗಿಡ, ಮೀನಿನ ತೊಟ್ಟಿ.

ಸಂಜೆ ಜುಯರ್ ಹುಟಾಂಗಿಗೆ ಹೋದೆ. ಕೂಗಿದರೆ ಕೇಳುವಷ್ಟು ಹತ್ತಿರ. ಚಿಂಗ್ಹುವಾ ವಿಶ್ವವಿದ್ಯಾಲಯದ ವು ಲಿಯಾಂಗ್‌ಯೊಂಗ್ ಎಂಬ ವಾಸ್ತುಶಿಲ್ಪಿ ಇಲ್ಲಿ ಕಿಕ್ಕಿರಿದ ಹಳೆಯ ಅಂಗಳಗಳ ಜಾಗದಲ್ಲಿ ಹೊಸ ಅಂಗಳಗಳನ್ನು ಕಟ್ಟಿದರು. ಮೊದಲ ಹಂತ ಮುಗಿದದ್ದು 1990ರಲ್ಲಿ. ಬಿಳಿ ಗೋಡೆ, ಎರಡು ಮೂರು ಅಂತಸ್ತು, ನಡುವೆ ಅಂಗಳ, ಹಳೆಯ ಮರಗಳು ಇದ್ದಲ್ಲೇ. ಪ್ರತಿ ಮನೆಗೂ ಅದರದೇ ಅಡುಗೆಮನೆ, ಅದರದೇ ಶೌಚಾಲಯ. ಗೋಡೆಯ ಬಣ್ಣ ಮಾಸಿದೆ, ಬಾಲ್ಕನಿಗಳಿಗೆ ಗಾಜು ಕೂರಿಸಿಕೊಂಡಿದ್ದಾರೆ, ಯಾರದೋ ಕಂಬಳಿ ಒಣಗುತ್ತಿತ್ತು. ಒಬ್ಬ ಹೆಂಗಸು ಮೂರನೆಯ ಅಂತಸ್ತಿನಿಂದ ಕೆಳಗಿನವಳೊಂದಿಗೆ ಜೋರಾಗಿ ಮಾತಾಡುತ್ತಿದ್ದಳು. ಅರ್ಧ ಗಂಟೆ ನಿಂತಿದ್ದೆ. ಈ ಪ್ರವಾಸದಲ್ಲಿ ನನಗೆ ಹೆಚ್ಚು ಹಿಡಿಸಿದ ಕಟ್ಟಡ ಇದೇ. ಅಂಗಳ ಬೇಕು, ಅದರಲ್ಲಿ ಕೂತವಳಿಗೆ ಬಾಗಿಲೂ ಬೇಕು ಎಂದು ಯಾರೋ ಲೆಕ್ಕ ಹಾಕಿ ಕಟ್ಟಿದ್ದಾರೆ.

ನಮ್ಮ ಮನೆ ಹೋದದ್ದು 2011ರಲ್ಲಿ. ಹಿಸೆಯಾಯಿತು. ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯಂತೆ ನನಗೂ ಪಾಲಿತ್ತು. ಅಣ್ಣಂದಿರು ಕೇಳಿದರು, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ತೀರ್ಥಹಳ್ಳಿಯಲ್ಲಿ ಸಹಿ ಹಾಕಿದೆ. ಆರು ತಿಂಗಳಿಗೆ ಮನೆ ಬಿಚ್ಚಿದರು. ಹಲಸಿನ ಕಂಬಗಳನ್ನು ಹಳೆಮರದ ವ್ಯಾಪಾರಿ ಲಾರಿಯಲ್ಲಿ ಒಯ್ದ. ಅವು ಈಗ ಯಾವುದೋ ರೆಸಾರ್ಟಿನಲ್ಲಿ ನಿಂತಿರಬಹುದು. ಬಿಸಿಲು ಮೂರನೆಯ ಕಂಬಕ್ಕೆ ಬರುವ ಹೊತ್ತಿಗೆ ಅಲ್ಲಿ ಯಾರೋ ಕಾಫಿ ಕುಡಿಯುತ್ತಿರಬಹುದು. ಮನೆಗಾಗಿ ಇಷ್ಟು ಹಂಬಲಿಸುವ ನಾನು ಸಹಿ ಹಾಕುವ ದಿನ ಯಾಕೆ ಬೇಡ ಅನ್ನಲಿಲ್ಲ? ತವರು ಕೆಡಬಾರದು ಎಂದು. ಎರಡನೆಯ ಬಾಗಿಲು ನನ್ನಲ್ಲೂ ಇತ್ತು.

25 ಅಕ್ಟೋಬರ್, ಶುಕ್ರವಾರ

ನಾಳೆ ಹೊರಡುವುದು.

ಐದೂವರೆಗೆ ಎಚ್ಚರವಾಯಿತು. ಇವರು ಹೇಳಿದ ಹಾಗೆಯೇ ಗೊರಕೆ ಹೊಡೆಯುತ್ತಿದ್ದರು. ಶಾಲು ಹೊದ್ದು ಹೊರಗೆ ಬಂದೆ. ಅಂಗಳದ ಮೇಲೆ ಎರಡು ನಕ್ಷತ್ರ, ದಾಳಿಂಬೆ ಎಲೆಗಳ ಮೇಲೆ ತೆಳ್ಳಗೆ ಬಿಳುಪು. ರಾತ್ರಿ ಹನ್ನೊಂದಕ್ಕೆ ಕಾವಲಿನವನು ಹೆಬ್ಬಾಗಿಲಿಗೆ ಅಡ್ಡ ಮರ ಹಾಕುತ್ತಾನೆ. ಎರಡನೆಯ ಬಾಗಿಲಿಗೆ ಅಗುಳಿ ಇಲ್ಲ. ತೂಗುವ ಮೊಗ್ಗುಗಳ ಕೆಳಗೆ ಸ್ವಲ್ಪ ಹೊತ್ತು ನಿಂತು ದಾಟಿದೆ. ಹೆಬ್ಬಾಗಿಲ ಮರ ಭಾರವಿತ್ತು. ಸದ್ದಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಿದೆ, ಅತ್ತೆ ಒನಕೆ ಒರಗಿಸುತ್ತಿದ್ದ ಹಾಗೆ.

ಹುಟಾಂಗಿನ ಉದ್ದಕ್ಕೂ ನಡೆದೆ. ಕಸ ಗುಡಿಸುವ ಹೆಂಗಸು, ಆವಿಯಲ್ಲಿ ಬೇಯುವ ಬನ್ನಿನ ವಾಸನೆ, ಸೈಕಲ್ಲಿನ ಮೇಲೆ ಶಾಲೆಯ ಹುಡುಗಿ. ಡ್ರಮ್ ಟವರಿನವರೆಗೆ ಹೋದೆ. ಅಲ್ಲಿನ ಬಯಲಿನಲ್ಲಿ ನನ್ನ ವಯಸ್ಸಿನ ಏಳೆಂಟು ಹೆಂಗಸರು ಪುಟ್ಟ ರೇಡಿಯೊ ಇಟ್ಟುಕೊಂಡು ಕೈ ಬೀಸಿ ವ್ಯಾಯಾಮ ಮಾಡುತ್ತಿದ್ದರು. ಒಬ್ಬರು ಕೈಸನ್ನೆಯಿಂದ ಕರೆದರು. ಹೋಗಿ ಕೊನೆಯ ಸಾಲಿನಲ್ಲಿ ನಿಂತೆ. ಶಾಲು ತೊಡರುತ್ತಿತ್ತು, ತೆಗೆದು ಸೊಂಟಕ್ಕೆ ಬಿಗಿದೆ.

ಹಿಂದಿರುಗುವಾಗ ಏಳು ಗಂಟೆ. ಇವರು ಸ್ವೆಟರು ಹಾಕಿಕೊಂಡು ಎರಡನೆಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದರು.

"ಎಲ್ಲಿಗೆ ಹೋಗಿದ್ದೆ ಮಾರಾಯ್ತಿ, ಹೇಳದೆ ಕೇಳದೆ?"

"ಎಲ್ಲಿಗೂ ಇಲ್ಲ. ಹೊರಗೆ."